ಚಹಾದ ಬಿಸಿ ಅಳೆಯುತ್ತಿದ್ದವರು

ನಾನು ಕೆಲಸಕ್ಕೆ ಸೇರಿದ ಎರಡನೆಯ ದಿನವೇ ಅವರು ನನ್ನ ಚಹಾದ ಲೋಟಕ್ಕೆ ಥರ್ಮಾಮೀಟರ್ ಇಳಿಸಿದರು. ಪಣಂಬೂರಿನ ಬಂದರಿನಿಂದ ಹೆಚ್ಚು ದೂರವಿಲ್ಲದ, ತಾಳೆ ಎಣ್ಣೆ ಶುದ್ಧೀಕರಿಸುವ ಕಾರ್ಖಾನೆ ಅದು. ಅದರ ಲ್ಯಾಬಿನಲ್ಲಿ ಅವರು ಹಿರಿಯ ಕೆಮಿಸ್ಟ್, ನಾನು ಗುತ್ತಿಗೆಯ ಮೇಲೆ ಬಂದ ಹೊಸಬಳು. ಹತ್ತು ಗಂಟೆಗೆ ಕ್ಯಾಂಟೀನಿನಿಂದ ಚಹಾ ಬಂದಿತ್ತು. ಲೋಟವನ್ನು ತುಟಿಗೆ ಒಯ್ಯುವಷ್ಟರಲ್ಲಿ ಅವರು ಎದುರು ಬಂದು ನಿಂತರು.

"ಒಂದು ನಿಮಿಷ. ಅಡ್ಡಿ ಇಲ್ಲ ಅಲ್ವಾ?"

ಯಾವುದಕ್ಕೆ ಅಡ್ಡಿ ಎಂದು ನನಗೆ ತಿಳಿಯುವ ಮೊದಲೇ ಕಿಸೆಯಿಂದ ತೆಳ್ಳಗಿನ ಗಾಜಿನ ಥರ್ಮಾಮೀಟರ್ ತೆಗೆದು, ಕರವಸ್ತ್ರದಲ್ಲಿ ಒರೆಸಿ, ಲೋಟದೊಳಗೆ ಇಳಿಸಿ, ಕಣ್ಣು ಕಿರಿದು ಮಾಡಿ ಓದಿದರು.

"ಎಪ್ಪತ್ತೆರಡು. ಐದು ನಿಮಿಷ ಬಿಟ್ಟು ಕುಡಿಯಿರಿ. ಇದು ಚಾಕ್ಕೆ ಮಾತ್ರ ಇಟ್ಟದ್ದು, ಎಣ್ಣೆಗೆ ಹಾಕುವುದಿಲ್ಲ, ಹೆದರಬೇಡಿ."

ಆಮೇಲೆ ಸಣ್ಣ ಪುಸ್ತಕವೊಂದನ್ನು ತೆಗೆದು ಏನೋ ಬರೆದುಕೊಂಡು ತಮ್ಮ ಮೇಜಿಗೆ ಹೋದರು. ನಾನು ಆ ಚಹಾವನ್ನು ಕುಡಿಯಲಿಲ್ಲ. ಬಿಸಿಗೆ ಹೆದರಿ ಅಲ್ಲ, ಆ ಪುಸ್ತಕಕ್ಕೆ ಹೆದರಿ.

ಆಗ ಅವರಿಗೆ ಐವತ್ತನಾಲ್ಕೋ ಐವತ್ತೈದೋ ಇರಬೇಕು. ಗಿಡ್ಡ ಆಳು. ಉದ್ದ ತೋಳಿನ ಅಂಗಿಯನ್ನು ಸರಿಯಾಗಿ ಎರಡು ಮಡಿಕೆ ಮಡಚುತ್ತಿದ್ದರು. ಒಂದು ತೋಳಿನ ಮಡಿಕೆ ಮೇಲೆ, ಇನ್ನೊಂದರದ್ದು ಕೆಳಗೆ ಇದ್ದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಶಕ್ತಿನಗರದಿಂದ ಹೊರಡುವ ಕಂಪೆನಿ ಬಸ್ಸಿಗೆ ನಾನು ಮೊದಲ ಸ್ಟಾಪಿನಲ್ಲಿ ಹತ್ತುತ್ತಿದ್ದೆ, ಅವರು ಮಣ್ಣಗುಡ್ಡದಲ್ಲಿ. ಹತ್ತಿದ ಕೂಡಲೇ ಕಿಟಕಿಯ ಗಾಜನ್ನು ಎರಡು ಸಲ ಎಳೆದು, ಅದು ಗಟ್ಟಿಯಾಗಿ ನಿಂತಿದೆ ಎಂದು ಖಾತ್ರಿ ಮಾಡಿಕೊಂಡೇ ಕುಳಿತುಕೊಳ್ಳುತ್ತಿದ್ದರು. ಯಾರು ಏನು ಹೇಳಿದರೂ ಮೊದಲ ಮಾತು ಒಂದೇ: "ಯಾರು ಹೇಳಿದ್ದು? ಎಷ್ಟು ಜನರನ್ನು ನೋಡಿ ಹೇಳಿದ್ದು?"

ಕೆಲಸದಲ್ಲಿ ಈ ಸಂಶಯ ಒಂದು ಗುಣವೇ ಆಗಿತ್ತು. ಒಮ್ಮೆ ಹಡಗಿನಿಂದ ಇಳಿದ ಎಣ್ಣೆಯ ಸ್ಯಾಂಪಲ್ ಬಾಟಲಿ ಸೀಲು ಹಾಕಿಕೊಂಡು ಬಂದಿತ್ತು. ನಾನು ಅದನ್ನು ಒಡೆಯಲು ಹೊರಟಾಗ ಕೈ ಹಿಡಿದು ತಡೆದರು. ಬಾಟಲಿಯನ್ನು ಬೆಳಕಿಗೆ ಹಿಡಿದು ಕುತ್ತಿಗೆಯ ದಾರವನ್ನು ಬೆರಳಲ್ಲಿ ಸವರಿದರು. "ಈ ಗಂಟು ನಮ್ಮವರದ್ದಲ್ಲ. ಬಾಟ್ಲಿ ಸುಳ್ಳು ಹೇಳುವುದಿಲ್ಲ, ತಂದವ ಹೇಳ್ತಾನೆ" ಎಂದು ಹೇಳಿ, ಮಧ್ಯಾಹ್ನದ ಬಿಸಿಲಿನಲ್ಲಿ ತಾವೇ ಟ್ಯಾಂಕಿನ ಏಣಿ ಹತ್ತಿ ಬೇರೆ ಸ್ಯಾಂಪಲ್ ತೆಗೆದರು. ಎರಡರ ಆಮ್ಲದ ಅಂಶವೂ ಬೇರೆ ಬೇರೆ ಬಂತು. ಆ ಎಣ್ಣೆ ವಾಪಸು ಹೋಯಿತು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದು, ಅಡಿಗೆರೆ ಎಳೆದು, ಕೈ ತೊಳೆಯಲು ಹೋದರು.

ಆದರೆ ಚಹಾದ ವಿಷಯದಲ್ಲಿ ಅವರ ಸಂಶಯ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಪೇಪರಿನಲ್ಲಿ ಕಾಫಿ ಲಿವರಿಗೆ ಒಳ್ಳೆಯದೆಂದು ಬಂದರೆ ಯಾರಾದರೂ ಬೇಕೆಂದೇ ಅವರಿಗೆ ಕೇಳುವಂತೆ ಓದುತ್ತಿದ್ದರು. ಅವರು ತಲೆ ಎತ್ತದೆಯೇ ಉತ್ತರಿಸುತ್ತಿದ್ದರು.

"ಕಾಯಿಲೆ ಬಂದವರಿಗೆ ಡಾಕ್ಟರು ಮೊದಲು ಕಾಫಿ ಬಿಡ್ಲಿಕ್ಕೆ ಹೇಳ್ತಾರೆ. ಮತ್ತೆ ಲೆಕ್ಕ ತೆಗೆಯುವಾಗ ಕಾಫಿ ಕುಡಿಯುವವರೆಲ್ಲ ಗಟ್ಟಿ ಇದ್ದಾರೆ, ಕುಡಿಯದವರಿಗೆ ಕಾಯಿಲೆ ಅಂತ ಬರ್ತದೆ. ಕಾಫಿಯಿಂದ ಗಟ್ಟಿ ಆದದ್ದಾ, ಗಟ್ಟಿ ಇದ್ದದ್ದಕ್ಕೆ ಕಾಫಿ ಕುಡಿದದ್ದಾ? ಅದನ್ನು ನೋಡಿದ್ದಾರಾ ಅಂತ ಬರೆದಿದ್ದಾರಾ, ನೋಡಿ."

ಒಂದು ವಾರ ಬಿಟ್ಟು ಕಾಫಿ ಹೃದಯಕ್ಕೆ ಕೆಟ್ಟದೆಂದು ಬಂದರೆ ಅದಕ್ಕೂ ಇದೇ ಉತ್ತರ. ಮೊಬೈಲಿನಲ್ಲಿ ಬರುವ ಗ್ರೀನ್ ಟೀ ಪವಾಡಗಳನ್ನು ಅವರು ತೆರೆಯುತ್ತಲೂ ಇರಲಿಲ್ಲ. ಸಕ್ಕರೆ, ಹಾಲು, ಡಿಕಾಕ್ಷನ್ನು, ಇವು ಯಾವುದರ ಬಗ್ಗೆಯೂ ಅವರಿಗೆ ಕುತೂಹಲವಿಲ್ಲ. ಅವರಿಗೆ ಬೇಕಾದದ್ದು ಬಿಸಿ ಒಂದೇ. ದಿನಕ್ಕೆ ಎಷ್ಟು ಲೋಟ, ಎಷ್ಟು ಬಿಸಿ, ಗಟಗಟ ಕುಡಿಯುತ್ತೀರಾ ನಿಧಾನವಾಗಿ ಕುಡಿಯುತ್ತೀರಾ. ಕೊನೆಗೆ ತಗ್ಗಿದ ಸ್ವರದಲ್ಲಿ ಇನ್ನೊಂದು ಪ್ರಶ್ನೆ: "ನುಂಗುವಾಗ ತೊಡಕು ಎಂತಾದರೂ ಉಂಟಾ?"

ಇದನ್ನು ಅವರು ಲ್ಯಾಬಿನವರಿಗೆ ಮಾತ್ರವಲ್ಲ, ಬಾಯ್ಲರಿನವರಿಗೆ, ಪ್ಯಾಕಿಂಗಿನವರಿಗೆ, ಗೇಟಿನ ವಾಚ್‌ಮನ್‌ಗೂ ಕೇಳುತ್ತಿದ್ದರು. ಕೇಳಿದ್ದನ್ನೆಲ್ಲ ಬರೆಯುತ್ತಿದ್ದರು.

ನಾನು ಸೇರಿದ ವರ್ಷವೇ ಕಾರ್ಖಾನೆಗೆ ಹೊಸ ಯಂತ್ರಗಳು ಬಂದು ಆಳುಗಳನ್ನು ಕಡಿಮೆ ಮಾಡುವ ಸುದ್ದಿ ಹಬ್ಬಿತು. ಅದರ ಹಿಂದೆಯೇ ಎಲ್ಲರಿಗೂ ವೈದ್ಯಕೀಯ ತಪಾಸಣೆ ಎಂಬ ಸುತ್ತೋಲೆ ಬಂತು. ತಪಾಸಣೆಯ ನಂತರ ಪ್ಯಾಕಿಂಗಿನ ಇಬ್ಬರಿಗೆ "ಆರೋಗ್ಯ ಸರಿಯಿಲ್ಲ, ಮನೆಯಲ್ಲಿರಿ" ಎಂದು ಹೇಳಿ ಕಳಿಸಿದರು. ಅವರಲ್ಲಿ ಒಬ್ಬನಿಗೆ ಬರೀ ಗ್ಯಾಸ್ಟ್ರಿಕ್ ಇತ್ತು ಎಂದು ಎಲ್ಲರಿಗೂ ಗೊತ್ತಿತ್ತು. ಆ ದಿನದಿಂದ ಜನ ಕ್ಯಾಂಟೀನಿನಲ್ಲಿ ಪುಸ್ತಕ ಹಿಡಿದು ನಮ್ಮ ಕೆಮಿಸ್ಟರು ಬಂದರೆ ಮಾತು ನಿಲ್ಲಿಸತೊಡಗಿದರು.

ಯೂನಿಯನ್ನಿನ ಕಾರ್ಯದರ್ಶಿ ವಿಠಲ ಒಂದು ದಿನ ನನ್ನನ್ನು ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದ. ದೊಡ್ಡ ಸ್ವರದ ಮನುಷ್ಯ, ಅಂದು ಪಿಸುಗುಟ್ಟುತ್ತಿದ್ದ.

"ಮೇಡಂ, ನಿಮ್ಮ ಲ್ಯಾಬಿನವರು ಆ ಪುಸ್ತಕ ಯಾರಿಗೆ ಕೊಡ್ತಾರೆ?"

"ನನಗೆ ಗೊತ್ತಿಲ್ಲ."

"ಎದೆ ಉರಿ ಉಂಟಾ, ನುಂಗ್ಲಿಕ್ಕೆ ಆಗ್ತದಾ ಅಂತ ಕೆಮಿಸ್ಟಿಗೆ ಎಂತಕ್ಕೆ ಮಾರಾಯ್ರೆ? ಅದು ಡಾಕ್ಟರ ಕೆಲಸ ಅಲ್ವಾ? ಇವರು ಮ್ಯಾನೇಜ್‌ಮೆಂಟಿಗೆ ಪಟ್ಟಿ ಮಾಡಿ ಕೊಡ್ತಾ ಇದ್ದಾರೆ. ನೀವು ಒಮ್ಮೆ ಆ ಪುಸ್ತಕ ನೋಡಬೇಕು."

ನನಗೆ ಅದನ್ನು ನಂಬಲು ನನ್ನದೇ ಕಾರಣವಿತ್ತು. ನನ್ನ ಕೆಲಸ ಖಾಯಂ ಆಗಲು ಆರು ತಿಂಗಳು ಬಾಕಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಲೋಟ ಕಾಫಿ ಕುಡಿದು ಬಸ್ಸು ಹಿಡಿಯುವ ನನಗೆ ಎದೆ ಉರಿ ಇತ್ತು. ಲ್ಯಾಬಿನಲ್ಲಿ ಯಾರಿಗೂ ಕಾಣದಂತೆ ಮಾತ್ರೆ ನುಂಗುತ್ತಿದ್ದೆ. ಅವರು ಕೇಳಿದಾಗ ಇಲ್ಲ ಎಂದಿದ್ದೆ. ಅವರು ನನ್ನ ಮುಖವನ್ನು ಆ ಸ್ಯಾಂಪಲ್ ಬಾಟಲಿಯನ್ನು ನೋಡಿದಂತೆಯೇ ನೋಡಿದ್ದರು.

ಮರುದಿನ ಅವರು ಸ್ಯಾಂಪಲ್ ತೆಗೆಯಲು ಟ್ಯಾಂಕುಗಳ ಕಡೆ ಹೋದಾಗ ಅವರ ಡ್ರಾಯರ್ ಎಳೆದೆ. ಬೀಗ ಇರಲಿಲ್ಲ. ಎಲ್ಲವನ್ನೂ ಸಂಶಯಿಸುವ ಮನುಷ್ಯ ಡ್ರಾಯರಿಗೆ ಬೀಗ ಹಾಕಿಲ್ಲವೆಂದರೆ ಬಚ್ಚಿಡುವುದೇನೂ ಇಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ. ಪುಸ್ತಕವನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು ಸೈಕಲ್ ಸ್ಟ್ಯಾಂಡಿಗೆ ಹೋದೆ. ವಿಠಲ ಕಾಯುತ್ತಿದ್ದ.

ನಾವು ಕೊನೆಯಿಂದ ಓದಲು ಶುರುಮಾಡಿದೆವು. ಅಂದವಾದ ಅಕ್ಷರ. ಹೆಸರು, ಬಿಸಿ, ಎಷ್ಟು ಲೋಟ, ನುಂಗುವುದು ಹೇಗೆ. ನನ್ನ ಹೆಸರಿನ ಮುಂದೆ: "ಎದೆ ಉರಿ ಇದೆ. ಇಲ್ಲ ಅನ್ನುತ್ತಾಳೆ. ಮಾತ್ರೆ ತೆಗೆದುಕೊಳ್ಳುತ್ತಾಳೆ." ಕ್ಯಾಂಟೀನಿನ ಅಡುಗೆಯ ಶೀನಣ್ಣನ ಹೆಸರು ನಾಲ್ಕು ಕಡೆ ಇತ್ತು. ಮೂರು ಕಡೆ "ನುಂಗಲು ತೊಂದರೆ ಇಲ್ಲ". ನಾಲ್ಕನೆಯ ಕಡೆ: "ಸುಳ್ಳು ಹೇಳುತ್ತಿದ್ದಾರೆ. ಊಟಕ್ಕೆ ಕೂರುವುದಿಲ್ಲ. ರಸ್ಕನ್ನು ಚಾದಲ್ಲಿ ಅದ್ದಿ ತಿನ್ನುತ್ತಾರೆ."

ಪುಟ ತಿರುಗಿಸುತ್ತ ವಿಠಲ ಮೊದಲ ಪುಟಕ್ಕೆ ಬಂದ. ಅಲ್ಲಿ ಒಂದೇ ಸಾಲು.

"ಅವಳದ್ದು: ಅಳೆದಿಲ್ಲ."

"ಇದು ಯಾರು?" ಎಂದ ವಿಠಲ.

ಅವನೇ ಆ ಸಾಲನ್ನು ಮತ್ತೊಮ್ಮೆ ಓದಿ ಪುಸ್ತಕ ಮುಚ್ಚಿದ. "ಅವರ ಹೆಂಡತಿ ತೀರಿಹೋದದ್ದು ಅನ್ನನಾಳದ ಕ್ಯಾನ್ಸರಿನಲ್ಲಿ ಅಲ್ವಾ? ನೀವು ಬರುವ ಮೊದಲು. ನಾವೆಲ್ಲ ಹೋಗಿದ್ದೆವು." ಅವನ ಸ್ವರ ಇಳಿದಿತ್ತು. "ಇಟ್ಟು ಬನ್ನಿ ಮೇಡಂ. ಬೇಗ ಇಟ್ಟು ಬನ್ನಿ."

ನಾನು ಲ್ಯಾಬಿಗೆ ಬಂದಾಗ ಅವರು ತೆರೆದ ಡ್ರಾಯರಿನ ಮುಂದೆ ನಿಂತಿದ್ದರು. ಕೈಯಲ್ಲಿ ಇನ್ನೂ ಸ್ಯಾಂಪಲ್ ಬಾಟಲಿಗಳ ಬುಟ್ಟಿ.

"ಓದಿ ಆಯ್ತಾ?"

ನಾನು ಪುಸ್ತಕವನ್ನು ಮೇಜಿನ ಮೇಲಿಟ್ಟೆ.

"ವಿಠಲನಿಗೆ ತೋರಿಸಿದಿರಾ?"

"ಹೌದು ಸರ್."

"ಒಳ್ಳೆಯದಾಯ್ತು" ಎಂದರು. ಅದರಲ್ಲಿ ಚುಚ್ಚು ಇರಲಿಲ್ಲ. "ನನಗೆ ಗೊತ್ತಿತ್ತು ಜನ ಎಂತ ಹೇಳ್ತಾರೆ ಅಂತ. ಅಲ್ಲ ಅಂತ ಹೇಳಿದರೆ ಯಾರು ನಂಬ್ತಾರೆ? ನಾನಾದರೂ ನಂಬ್ತಿರಲಿಲ್ಲ."

ಬುಟ್ಟಿ ಇಳಿಸಿ ಸ್ಟೂಲಿನ ಮೇಲೆ ಕುಳಿತರು. ನಾನು ಕೇಳದೆಯೇ ಹೇಳಿದರು. ಹೆಂಡತಿಗೆ ಚಹಾ ಎಂದರೆ ಒಲೆಯಿಂದ ಇಳಿಸಿದ್ದೇ ಆಗಬೇಕು. ತವರಿನಲ್ಲಿ ಹಾಗೆಯೇ ಅಭ್ಯಾಸ. ಮದುವೆಯಾದ ಮೊದಲ ವರ್ಷದಲ್ಲೇ ಅವರು ಒಂದು ಕ್ರಮ ಮಾಡಿಕೊಂಡರು. ಬೆಳಗಿನ ಪಾಳಿಗೆ ಹೋಗುವಾಗ ತಾವೇ ಚಹಾ ಮಾಡಿ, ಆಕೆ ಮಲಗಿದ್ದಲ್ಲಿಗೆ ತಂದುಕೊಟ್ಟು ಬಸ್ಸು ಹಿಡಿಯುವುದು. ಇಪ್ಪತ್ತಾರು ವರ್ಷ ಹೀಗೆ ನಡೆಯಿತು. ಆಮೇಲೊಂದು ದಿನ ಚಪಾತಿ ಗಂಟಲಿನ ಕೆಳಗೆ ನಿಂತಿತು. ಮತ್ತೆ ಅನ್ನ. ಮತ್ತೆ ಗಂಜಿ.

"ಆಸ್ಪತ್ರೆಯಲ್ಲಿ ಒಬ್ಬರು ಸಣ್ಣ ಪ್ರಾಯದ ಡಾಕ್ಟರಮ್ಮ ಎಲ್ಲ ಕೇಳಿ ಬರೆದುಕೊಂಡರು. ಹೊಗೆಸೊಪ್ಪು ಉಂಟಾ, ಇಲ್ಲ. ಎಲೆ ಅಡಿಕೆ ಉಂಟಾ, ಊಟ ಆದ ಮೇಲೆ ಒಮ್ಮೊಮ್ಮೆ. ತುಂಬಾ ಬಿಸಿ ಚಾ ಕುಡಿಯುವ ಅಭ್ಯಾಸ ಉಂಟಾ? ನಾನು ಹೌದು ಅಂದೆ. ಅವರು ಬರೆದುಕೊಂಡರು. ಅದರಿಂದ ಆದದ್ದಾ ಅಂತ ಕೇಳಿದೆ. ಸುಡುವಷ್ಟು ಬಿಸಿ ವರ್ಷಗಟ್ಟಲೆ ಕುಡಿದರೆ ಅಪಾಯ ಹೆಚ್ಚು, ಆದರೆ ಇವರಿಗೆ ಅದರಿಂದಲೇ ಬಂತು ಅಂತ ಹೇಳ್ಲಿಕ್ಕೆ ಆಗುವುದಿಲ್ಲ ಅಂದರು. ಅದು ಸಾವಿರ ಜನರ ಲೆಕ್ಕ, ಒಬ್ಬರದ್ದಲ್ಲ ಅಂತ."

ಪುಸ್ತಕವನ್ನು ಎತ್ತಿ ಡ್ರಾಯರಿನಲ್ಲಿಟ್ಟರು.

"ನಾನು ಕೆಮಿಸ್ಟ್. ಪಾಮ್ ಎಣ್ಣೆ ಎಷ್ಟು ಡಿಗ್ರಿಗೆ ಹೋಯ್ತು ಅಂತ ದಿನಕ್ಕೆ ಇಪ್ಪತ್ತು ಸಲ ಬರೆದವ. ಮನೆಯಲ್ಲಿ ನಾನು ಕೊಟ್ಟ ಚಾ ಎಷ್ಟು ಬಿಸಿ ಇತ್ತು ಅಂತ ನನಗೆ ಗೊತ್ತಿಲ್ಲ. ಅವಳೂ ಒಂದು ದಿನ ಬಿಸಿ ಹೆಚ್ಚಾಯ್ತು, ಕಡಿಮೆ ಆಯ್ತು ಅಂತ ಹೇಳಿದವಳಲ್ಲ. ಈಗ ಊರಿನವರದ್ದೆಲ್ಲ ಅಳೆಯುತ್ತೇನೆ."

"ಸರ್, ಇಷ್ಟು ಜನರದ್ದು ಅಳೆದರೂ ಅವರದ್ದು ಗೊತ್ತಾಗುವುದಿಲ್ಲ ಅಲ್ವಾ?"

"ಗೊತ್ತಾಗುವುದಿಲ್ಲ" ಎಂದರು. "ನೀವು ಇದನ್ನು ಎಲ್ಲಿಯೂ ಹೇಳಬೇಡಿ. ವಿಠಲ ಅರ್ಧ ತಿಳಿದುಕೊಂಡಿದ್ದಾನೆ, ಸಾಕು. ಮನೆಯಲ್ಲಿ ಮಗಳಿದ್ದಾಳೆ, ಅವಳಿಗೆ ಗೊತ್ತಾಗಬಾರದು. ಅಮ್ಮನಿಗೆ ಅಪ್ಪನೇ ಕೊಟ್ಟದ್ದು ಅಂತ ಒಮ್ಮೆ ತಲೆಗೆ ಹೊಕ್ಕರೆ ಹೋಗುವುದಿಲ್ಲ. ನನಗೆ ಗೊತ್ತುಂಟು."

ನಾನು ಮಾತು ಕೊಟ್ಟೆ. ಅವರು ಎದ್ದು ಕೈ ತೊಳೆದು ಬಂದು, "ಮತ್ತೆ ನೀವು ಆ ಮಾತ್ರೆ ಸುಮ್ಮನೆ ನುಂಗುತ್ತಾ ಇರಬೇಡಿ. ಖಾಲಿ ಹೊಟ್ಟೆಗೆ ಕಾಫಿ ಬಿಟ್ಟು ನೋಡಿ. ಕಡಿಮೆ ಆಗದಿದ್ದರೆ ಡಾಕ್ಟರ ಹತ್ರ ಹೋಗಿ" ಎಂದರು. ಕಾಫಿ ಬಿಟ್ಟೆ. ಉರಿ ಕಡಿಮೆಯಾಯಿತು. ಅದು ಕಾಫಿ ಬಿಟ್ಟದ್ದರಿಂದಲೋ, ಹೆದರಿಕೆ ಹೋದದ್ದರಿಂದಲೋ ಎಂದು ಅವರೇ ಆಮೇಲೆ ಸಂಶಯ ಎತ್ತಿದರು.

ಶೀನಣ್ಣನ ಬಗ್ಗೆ ಓದಿದ್ದು ನನ್ನನ್ನು ಬಿಡಲಿಲ್ಲ. ನಾನೂ ಗಮನಿಸತೊಡಗಿದೆ. ಶೀನಣ್ಣ ಚಹಾ ಕುದಿಯುವಾಗಲೇ ಸೌಟಿನಲ್ಲಿ ತೆಗೆದು ರುಚಿ ನೋಡುತ್ತಿದ್ದ ಮನುಷ್ಯ. ಈಗ ಎಲ್ಲರಿಗೂ ಕುಚ್ಚಲಕ್ಕಿ ಅನ್ನ ಬಡಿಸಿ, ತಾನು ಪಾತ್ರೆ ತೊಳೆಯುವ ಕಡೆ ಹೋಗುತ್ತಿದ್ದ. ಲುಂಗಿಯನ್ನು ಮೊದಲಿಗಿಂತ ಹೆಚ್ಚು ಸುತ್ತು ಸುತ್ತಿಕೊಳ್ಳುತ್ತಿದ್ದ. ನಾನು ಕೇಳಿದ್ದಕ್ಕೆ, "ಎಂತ ಇಲ್ಲ ಅಕ್ಕ, ಅಡುಗೆಯ ವಾಸನೆಗೆ ಹಸಿವು ಆಗುವುದಿಲ್ಲ" ಎಂದ. ಮನೆಗೆ ಕಳಿಸಿದ ಆ ಇಬ್ಬರನ್ನು ಅವನೂ ನೋಡಿದ್ದ.

ವಿಠಲ ಅವನನ್ನು ಡಾಕ್ಟರಿಗೆ ತೋರಿಸಲು ಒಪ್ಪಿಸಿದ. ಕೆಲಸ ಹೋಗದಂತೆ ನೋಡಿಕೊಳ್ಳುವ ಜವಾಬ್ದಾರಿ ಯೂನಿಯನ್ನಿನದ್ದು ಎಂದ. ಒಂದು ಶನಿವಾರ ವಿಠಲ, ಅವರು, ನಾನು ಮೂವರೂ ಶೀನಣ್ಣನನ್ನು ನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಾಯಿಯಿಂದ ಟ್ಯೂಬು ಇಳಿಸಿ ನೋಡುವ ಪರೀಕ್ಷೆ. ಅವರು ಹೊರಗೆ ಬೆಂಚಿನಲ್ಲಿ ಕೂರದೆ ಬಾಗಿಲಿನ ಪಕ್ಕದಲ್ಲೇ ನಿಂತಿದ್ದರು.

ಡಾಕ್ಟರು ಬಂದು ಹೇಳಿದರು. ಅನ್ನನಾಳ ಕಿರಿದಾಗಿದೆ. ಹೊಟ್ಟೆಯ ಆಸಿಡು ವರ್ಷಗಟ್ಟಲೆ ಮೇಲೆ ಬಂದು ಗಾಯವಾಗಿ, ಒಣಗಿ, ಕಲೆ ಕಟ್ಟಿದೆ. ತುಂಡು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ, ಕ್ಯಾನ್ಸರಿನ ಹಾಗೆ ಕಾಣುವುದಿಲ್ಲ. ಹಿಗ್ಗಿಸಬಹುದು, ಮೊದಲಿನ ಹಾಗೆ ಊಟ ಮಾಡಬಹುದು.

"ಬಿಸಿ ಚಾದಿಂದ ಆದದ್ದಾ?" ಅವರು ಕೇಳಿದರು.

"ಬಿಸಿ ಚಾ ಬಿಡಲಿ, ಒಳ್ಳೆಯದೇ. ಆದರೆ ಇದು ಆಸಿಡಿನದ್ದು. ಉಂಡ ಕೂಡಲೇ ಮಲಗ್ತಾರಂತೆ, ಬೀಡಿ ಬೇರೆ ಉಂಟಂತೆ."

ವಿಠಲ ಶೀನಣ್ಣನ ಹೆಂಡತಿಗೆ ಫೋನು ಮಾಡಲು ಓಡಿದ. ನಾನು ಅವರ ಕಡೆ ತಿರುಗಿದೆ. ಈಗ ಬೆಂಚಿನಲ್ಲಿ ಕುಳಿತಿದ್ದರು.

"ಬಚಾವಾದರಲ್ಲ ಸರ್, ಶೀನಣ್ಣ."

"ಹೌದು. ನನಗೆ ಸಂತೋಷ ಆಗಬೇಕು." ಮಡಚಿದ ತೋಳನ್ನು ಬಿಚ್ಚಿ ಮತ್ತೆ ಮಡಚಿದರು. "ಎಂಥ ಮನುಷ್ಯ ನೋಡಿ ನಾನು. ಡಾಕ್ಟರು ಮಾತು ಶುರು ಮಾಡಿದಾಗ, ಇದು ಚಾದ್ದೇ ಅಂತ ಹೇಳ್ಲಿ, ಒಮ್ಮೆ ಯಾರಾದರೂ ಹೇಳಿಬಿಡ್ಲಿ ಅಂತ ಒಳಗೆ ಕಾಯ್ತಾ ಇದ್ದೆ. ಅಲ್ಲಿ ಮಲಗಿದ ಮನುಷ್ಯನ ನೆನಪೇ ಇರಲಿಲ್ಲ ನನಗೆ."

ಪರೀಕ್ಷೆಯ ವರದಿಯೂ ಒಳ್ಳೆಯದೇ ಬಂತು. ಶೀನಣ್ಣ ಒಂದು ತಿಂಗಳಲ್ಲಿ ಎಲ್ಲರೊಂದಿಗೆ ಊಟಕ್ಕೆ ಕೂರತೊಡಗಿದ. ಪುಸ್ತಕದ ವಿಷಯ ವಿಠಲ ಯಾರಿಗೆ ಏನು ಹೇಳಿದನೋ, ಜನ ಅವರನ್ನು ಕಂಡು ಮಾತು ನಿಲ್ಲಿಸುವುದು ನಿಂತಿತು. ಕೆಲವರು ತಾವಾಗಿಯೇ ಲೋಟ ಮುಂದೆ ಹಿಡಿಯುತ್ತಿದ್ದರು. ಆದರೆ ಮನೆಗೆ ಕಳಿಸಿದ ಇಬ್ಬರು ಮರಳಿ ಬರಲಿಲ್ಲ. ಆ ಇಬ್ಬರ ಹೆಸರನ್ನು ಮೇಲಿನವರಿಗೆ ಯಾರು ಕೊಟ್ಟರು ಎಂದು ಕೊನೆಗೂ ತಿಳಿಯಲಿಲ್ಲ. ಈಗಲೂ ನಿವೃತ್ತರು ಸೇರಿದಾಗ ಒಬ್ಬಿಬ್ಬರು ಕೊಟ್ಟದ್ದು ನಮ್ಮ ಕೆಮಿಸ್ಟರೇ ಎನ್ನುತ್ತಾರೆ. ನಾನು ಎದ್ದು ಹೋಗುತ್ತೇನೆ.

ನನ್ನ ಕೆಲಸ ಖಾಯಂ ಆಯಿತು. ಅವರು ನಿವೃತ್ತರಾದರು. ಮಣ್ಣಗುಡ್ಡದಲ್ಲಿ ಮಗಳು ಅಳಿಯನೊಂದಿಗೆ ಇದ್ದರು. ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ನಾನು ವರ್ಷಕ್ಕೆ ಎರಡು ಮೂರು ಸಲ ಹೋಗುತ್ತಿದ್ದೆ. ಆ ಹೊತ್ತಿಗೆ ಮಗಳು ಯಾವಾಗಲೂ ಬ್ಯಾಂಕಿನಲ್ಲಿರುತ್ತಿದ್ದಳು. ಅವರು ಹಾಗೆ ಲೆಕ್ಕ ಹಾಕಿಯೇ ನನ್ನನ್ನು ಕರೆಯುತ್ತಿದ್ದರು ಎಂದು ನನ್ನ ಸಂಶಯ. ತಾವೇ ಕಾಫಿ ಮಾಡುತ್ತಿದ್ದರು, ಉಗುರು ಬೆಚ್ಚಗೆ. ಕುಡಿಯುವಷ್ಟೂ ಹೊತ್ತು ನನ್ನ ಗಂಟಲನ್ನು ನೋಡುತ್ತಿದ್ದರು. ಒಮ್ಮೆ ಮಾತ್ರ ಕೇಳಿದರು: "ನಿಮಗೆ ಎಂತ ಕಾಣ್ತದೆ? ನಾನು ಕೊಟ್ಟದ್ದರಿಂದಲೇ ಇರಬಹುದಾ?" ನಾನು ಇಲ್ಲ ಎಂದೆ. "ಯಾರು ಹೇಳಿದ್ದು?" ಎಂದರು.

ಕಳೆದ ತಿಂಗಳು ಅವರು ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿತ್ತಂತೆ. ಬೊಜ್ಜದ ಊಟಕ್ಕೆ, ಅಂದರೆ ಉತ್ತರಕ್ರಿಯೆಗೆ, ಹೋಗಲಾಗದೆ, ಹದಿಮೂರು ದಿನದ ಕ್ರಿಯೆಗಳೆಲ್ಲ ಮುಗಿದ ನಂತರದ ಭಾನುವಾರ ಹೋದೆ. ಮಗಳು ಮನೆಯಲ್ಲಿದ್ದಳು. ನಾವಿಬ್ಬರೂ ಎದುರು ಬದುರು ಕುಳಿತು ಮಾತಾಡಿದ್ದು ಅದೇ ಮೊದಲು. ಅಳುವುದೆಲ್ಲ ಮುಗಿದಿತ್ತು. ಅಪ್ಪನ ವಿಚಿತ್ರಗಳನ್ನು ಹೇಳಿಕೊಂಡು ನಗುವ ಹಂತಕ್ಕೆ ಬಂದಿದ್ದಳು.

"ಅಕ್ಕ, ಅಪ್ಪ ಬೆಳಿಗ್ಗೆ ಅಮ್ಮನಿಗೆ ಚಾ ಮಾಡಿಕೊಡ್ತಿದ್ದದ್ದು ನಿಮಗೆ ಗೊತ್ತುಂಟಾ?"

"ಹೇಳಿದ್ದರು."

"ಅವರು ಭಾರೀ ಹೆಮ್ಮೆಯಲ್ಲಿ ಕೊಟ್ಟು ಹೋಗ್ತಿದ್ದರು. ಒಲೆಯಿಂದ ಇಳಿಸಿ, ಸೋಸಿ, ಸಕ್ಕರೆ ಕಲಸಿ, ಒಂದು ಲೋಟದಿಂದ ಇನ್ನೊಂದಕ್ಕೆ ಎತ್ತಿ ಹೊಯ್ದು, ಮಂಚದ ಹತ್ರ ತರುವಾಗ ಅದು ಅಮ್ಮನ ಲೆಕ್ಕದಲ್ಲಿ ತಣ್ಣಗೆ. ಅಮ್ಮ ಒಂದು ಗುಟುಕು ಕುಡಿದ ಹಾಗೆ ಮಾಡ್ತಿದ್ದರು. ಅಪ್ಪ ಗೇಟು ಹಾಕಿದ ಶಬ್ದ ಕೇಳಿದ ಕೂಡಲೇ ಎದ್ದು ಅದನ್ನು ಪಾತ್ರೆಗೆ ಹೊಯ್ದು ಪುನಃ ಕುದಿಸ್ತಿದ್ದರು. ದಿನಾ. ನಾನು ಶಾಲೆಗೆ ಹೋಗುವಾಗಿನಿಂದ ನೋಡಿದ್ದೇನೆ. ಕುದಿಯುವುದನ್ನೇ ಗಟಗಟ ಕುಡಿಯುವುದು. ನನಗೆ ನೋಡಿದರೇ ನಾಲಿಗೆ ಸುಡ್ತಿತ್ತು."

ನನ್ನ ಕೈಯಲ್ಲಿದ್ದ ಲೋಟವನ್ನು ಟೀಪಾಯಿಯ ಮೇಲಿಟ್ಟೆ.

"ಅಪ್ಪನಿಗೆ ಹೇಳಿದ್ದೀಯಾ ಇದನ್ನು, ಯಾವತ್ತಾದರೂ?"

"ಇಲ್ಲಪ್ಪ. ಪಾಪ, ಅಷ್ಟು ಪ್ರೀತಿಯಿಂದ ಮಾಡ್ತಾರೆ, ಬೇಸರ ಮಾಡಿಕೊಳ್ತಾರೆ, ಹೇಳಬೇಡ ಅಂತ ಅಮ್ಮ ಬಾಯಿ ಕಟ್ಟಿ ಹಾಕಿದ್ದರು. ಅಮ್ಮ ಹೋದ ಮೇಲೆ ಮತ್ತೆ ಎಂತ ಹೇಳುವುದು ಅಂತ ಬಿಟ್ಟೆ." ನನ್ನ ಮುಖ ನೋಡಿ ಅವಳ ನಗು ನಿಂತಿತು. "ಯಾಕೆ ಅಕ್ಕ? ಅಪ್ಪ ಎಂತಾದರೂ ಹೇಳಿದ್ದರಾ?"

ಅವರ ಮನೆಯಲ್ಲೇ, ಗೋಡೆಯ ಆಚೆ ಕೋಣೆಯಲ್ಲೇ, ಅವರಿಗೆ ಬೇಕಿದ್ದ ಉತ್ತರ ಅಷ್ಟು ವರ್ಷ ಇತ್ತು. ಅವರು ಮಗಳನ್ನು ಕಾಪಾಡಲು ಕೇಳಲಿಲ್ಲ, ಮಗಳು ಅವರನ್ನು ನೋಯಿಸಬಾರದೆಂದು ಹೇಳಲಿಲ್ಲ. ಎರಡೂ ಕಡೆಯ ಮಾತನ್ನು ಕೇಳಿದವಳು ನಾನೊಬ್ಬಳು. ಕೊಟ್ಟ ಮಾತನ್ನು ಒಮ್ಮೆ ಮುರಿದಿದ್ದರೆ, ಒಂದು ಭಾನುವಾರ ಬಂದು ಇವಳೊಡನೆ ಕುಳಿತಿದ್ದರೆ ಸಾಕಿತ್ತು. ಅವರು ನಂಬುತ್ತಿದ್ದರೋ ಇಲ್ಲವೋ ಬೇರೆ ವಿಷಯ.

ಈಗ ಹೇಳಿದರೆ ಏನಾಗುತ್ತದೆ ಎಂದೂ ನನಗೆ ಕಂಡಿತು. ಹೇಳಿದ ಗಳಿಗೆಯಿಂದ ಇವಳು ಕೇಳಿಕೊಳ್ಳತೊಡಗುತ್ತಾಳೆ: ಅಪ್ಪನಿಗೆ ಒಂದು ಮಾತು ಹೇಳಿದ್ದರೆ? ಅದಕ್ಕೂ ಮುಂಚೆ, ಪುನಃ ಕುದಿಸಬೇಡ ಎಂದು ಅಮ್ಮನಿಗೆ ಹೇಳಿದ್ದರೆ?

"ಎಂತ ಇಲ್ಲ" ಎಂದೆ. "ನಿನ್ನ ಅಮ್ಮ ಒಂದು ದಿನವೂ ಚಾಕ್ಕೆ ಹೆಸರಿಟ್ಟವಳಲ್ಲ ಅಂತ ಹೇಳ್ತಿದ್ದರು."

ಅವಳಿಗೆ ಅದು ಇಷ್ಟವಾಯಿತು. ಗೇಟಿನವರೆಗೆ ಬಂದು ಕಳಿಸಿಕೊಟ್ಟಳು. ಆದರೆ ಗೇಟಿನ ಚಿಲಕ ಹಾಕುವಾಗ ನನ್ನನ್ನೇ ನೋಡುತ್ತಿದ್ದಳು, ಅವರದ್ದೇ ನೋಟ, ಕಣ್ಣು ಕಿರಿದು ಮಾಡಿಕೊಂಡು. ನಾನು ಹೇಳಿದ್ದನ್ನು ಅವಳು ಪೂರ್ತಿ ನಂಬಿರಲಿಕ್ಕಿಲ್ಲ. ಇದು ಅವಳ ಕಣ್ಣಿಗೆ ಬಿದ್ದರೂ ಬೀಳಬಹುದು, ಅದಕ್ಕೇ ಇಲ್ಲಿ ಅವರ ಹೆಸರು ಹಾಕಿಲ್ಲ. ಇನ್ನೂ ಕೆಲವನ್ನು ಬದಲಿಸಿದ್ದೇನೆ. ಯಾವುದನ್ನು ಎಂದು ಹೇಳುವುದಿಲ್ಲ.